ಕ್ಯಾನನ್ ೫ಡಿ ಮಾರ್ಕ್ ೨ ಮತ್ತು ನಿಕಾನ್ ಡಿ೭೦೦

ಕ್ಯಾನನ್ ೫ಡಿ ಮಾರ್ಕ್ ೨ ಮತ್ತು ನಿಕಾನ್ ಡಿ೭೦೦ ಜಪಾನಿನ ಎರಡು ಪ್ರತಿಸ್ಪರ್ಧಿ ಕಂಪನಿಗಳು ೨೦೦೮ರಲ್ಲಿ ಎರಡೂವರೆ ತಿಂಗಳ ಅಂತರದಲ್ಲಿ ಪ್ರಕಟಿಸಿದ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳು. ಎರಡರಲ್ಲಿಯೂ ೩೫ ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದಾದ ಬಿಂಬ ಸಂವೇದಕವಿದೆ. ಇದನ್ನು ಪೂರ್ಣ ಚೌಕಟ್ಟು ಅಥವಾ ಫುಲ್ ಫ್ರೇಮ್ ಎನ್ನುತ್ತಾರೆ. ಬೆಲೆಯಲ್ಲಿ ಹತ್ತಿರವಿದ್ದು ಸ್ವಭಾವದಲ್ಲಿ ದೂರವಿದ್ದ ಈ ಎರಡರಲ್ಲಿ ಯಾವುದನ್ನು ಕೊಳ್ಳಬೇಕು ಎಂಬುದು ೨೦೦೮ರಿಂದ ೨೦೧೨ರವರೆಗೆ ಮದುವೆ, ಪತ್ರಿಕೆ ಹಾಗೂ ವನ್ಯಜೀವಿ ಛಾಯಾಗ್ರಹಣದಲ್ಲಿ ತೊಡಗಿದ್ದವರ ಮುಂದಿದ್ದ ದೊಡ್ಡ ಪ್ರಶ್ನೆಯಾಗಿತ್ತು. ದೊಡ್ಡ ಪತ್ರಿಕಾಸಂಸ್ಥೆಗೆ ಎರಡನ್ನೂ ಇಟ್ಟುಕೊಳ್ಳುವ ಅನುಕೂಲವಿರುತ್ತದೆ. ಧಾರವಾಡದ ರೈಲು ನಿಲ್ದಾಣದ ಸಮೀಪದ ಮಾಳಮಡ್ಡಿಯಂತಹ ಬಡಾವಣೆಯಲ್ಲಿ ಒಬ್ಬರೇ ನಡೆಸುವ ಸ್ಟುಡಿಯೋಗೆ ಆ ಅನುಕೂಲವಿಲ್ಲ. ಅಂಥವರು ಒಮ್ಮೆ ಕೊಂಡ ಕ್ಯಾಮೆರಾದಿಂದಲೇ ಮುಂದಿನ ಐದಾರು ಮದುವೆ ಹಂಗಾಮುಗಳ ದುಡಿಮೆ ನಡೆಯಬೇಕಾಗುತ್ತದೆ. ಕ್ಯಾಮೆರಾಕ್ಕೆ ಹೊಂದುವ ಲೆನ್ಸ್‌ಗಳಿಗೆ ಹಾಕಿದ ಹಣವಂತೂ ಅದಕ್ಕಿಂತಲೂ ದೀರ್ಘಕಾಲ ಅವರನ್ನು ಕಟ್ಟಿಹಾಕುತ್ತದೆ.

ಹಿನ್ನೆಲೆ

ಪೂರ್ಣ ಚೌಕಟ್ಟಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಕ್ಯಾನನ್ ಬಹಳ ಮುಂದಿತ್ತು. ೨೦೦೨ರಲ್ಲಿ ೧೧.೧ ಮೆಗಾಪಿಕ್ಸೆಲ್‌ಗಳ ೧ಡಿಎಸ್ ಮಾದರಿಯನ್ನೂ, ೨೦೦೫ರಲ್ಲಿ ಅದಕ್ಕಿಂತ ಹಗುರವೂ ಅಗ್ಗವೂ ಆದ ೧೨.೮ ಮೆಗಾಪಿಕ್ಸೆಲ್‌ಗಳ ೫ಡಿ ಮಾದರಿಯನ್ನೂ ಅದು ಹೊರತಂದಿತು. ನಿಕಾನ್ ಕಂಪನಿಯ ಮೊದಲ ಪೂರ್ಣ ಚೌಕಟ್ಟಿನ ಡಿಜಿಟಲ್ ಕ್ಯಾಮೆರಾ ಡಿ೩ ಬಂದದ್ದು ೨೦೦೭ರ ಆಗಸ್ಟ್‌ನಲ್ಲಿ. ತಡವಾಗಿ ಬಂದರೂ ಮಂದಬೆಳಕಿನಲ್ಲಿ ಅದು ತೋರಿದ ಸಾಮರ್ಥ್ಯ ವೃತ್ತಿನಿರತರನ್ನು ಬೆರಗುಗೊಳಿಸಿತು. ಆದರೆ ಅದರ ಬೆಲೆ ಹೆಚ್ಚಿನವರ ಕೈಗೆ ಎಟುಕುವಂತಿರಲಿಲ್ಲ.

೨೦೦೮ರ ಜುಲೈ ೧ರಂದು ಪ್ರಕಟವಾದ ಡಿ೭೦೦, ಡಿ೩ರ ೧೨.೧ ಮೆಗಾಪಿಕ್ಸೆಲ್ ಸಂವೇದಕವನ್ನೂ ಫೋಕಸ್ ವ್ಯವಸ್ಥೆಯನ್ನೂ ಚಿಕ್ಕ ಒಡಲಿನಲ್ಲಿ ಇಟ್ಟುಕೊಂಡಿತ್ತು. ಅದೇ ವರ್ಷದ ಸೆಪ್ಟೆಂಬರ್ ೧೭ರಂದು ಕ್ಯಾನನ್ ೫ಡಿ ಮಾರ್ಕ್ ೨ ಪ್ರಕಟವಾಯಿತು. ಅದರದು ೨೧.೧ ಮೆಗಾಪಿಕ್ಸೆಲ್, ಜೊತೆಗೆ ೧೦೮೦ ಸಾಲುಗಳ ಪೂರ್ಣ ಎಚ್‌ಡಿ ವಿಡಿಯೋ. ಅಮೆರಿಕದಲ್ಲಿ ಲೆನ್ಸ್ ಬಿಟ್ಟು ಡಿ೭೦೦ರ ಬೆಲೆ ೨,೯೯೯ ಡಾಲರ್, ೫ಡಿ ಮಾರ್ಕ್ ೨ರ ಬೆಲೆ ೨,೬೯೯ ಡಾಲರ್ ಎಂದು ನಿಗದಿಯಾಗಿತ್ತು. ಆಗಿನ ವಿನಿಮಯ ದರದಲ್ಲಿ ಇದು ಒಂದೂಕಾಲು ಲಕ್ಷ ರೂಪಾಯಿಯ ಆಸುಪಾಸು. ಸುಂಕ ಮತ್ತು ತೆರಿಗೆ ಬೇರೆ. ಇವೆರಡೂ ಆಯಾ ಕಂಪನಿಯ ಅತ್ಯುಚ್ಚ ಮಾದರಿಗಳಲ್ಲ, ಅದರ ಕೆಳಗಿನ ಮೆಟ್ಟಿಲಿನವು. ಆದರೂ ದುಡಿದು ತಿನ್ನುವ ಛಾಯಾಗ್ರಾಹಕರ ಪಾಲಿಗೆ ವೃತ್ತಿಪರ ಕ್ಯಾಮೆರಾ ಎಂದರೆ ಇವೇ ಆಗಿದ್ದವು.

ಸಂವೇದಕ ಮತ್ತು ಬಿಂಬದ ಗುಣ

ಎರಡು ಸಂವೇದಕಗಳ ವಿಸ್ತೀರ್ಣ ಹೆಚ್ಚುಕಡಿಮೆ ಒಂದೇ. ಅದೇ ಹೊಲವನ್ನು ನಿಕಾನ್ ೧೨ ದಶಲಕ್ಷ ಮಡಿಗಳಾಗಿ ಹಂಚಿದರೆ ಕ್ಯಾನನ್ ೨೧ ದಶಲಕ್ಷ ಮಡಿಗಳಾಗಿ ಹಂಚಿತು. ಆದ್ದರಿಂದ ಡಿ೭೦೦ರ ಒಂದೊಂದು ಪಿಕ್ಸೆಲ್ಲಿನ ಅಗಲ ಸುಮಾರು ೮.೫ ಮೈಕ್ರಾನ್, ೫ಡಿ ಮಾರ್ಕ್ ೨ರದು ಸುಮಾರು ೬.೪ ಮೈಕ್ರಾನ್. ದೊಡ್ಡ ಪಿಕ್ಸೆಲ್ಲಿಗೆ ಹೆಚ್ಚು ಬೆಳಕು ಸಿಗುವುದರಿಂದ ಡಿ೭೦೦ರ ಚಿತ್ರವನ್ನು ಗಣಕದ ಪರದೆಯ ಮೇಲೆ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿದಾಗ ನಾಯ್ಸ್ ಎನ್ನಲಾಗುವ ಕಾಳುಕಾಳು ಚುಕ್ಕೆಗಳು ಕಡಿಮೆ ಕಾಣುತ್ತವೆ. ಈ ಹೋಲಿಕೆಯಿಂದಲೇ ಡಿ೭೦೦ ಮಂದಬೆಳಕಿನಲ್ಲಿ ಬಹಳ ಮೇಲು ಎಂಬ ಅಭಿಪ್ರಾಯ ಹಬ್ಬಿತು. ಹೋಲಿಸುವ ಕ್ರಮದಲ್ಲಿಯೇ ಒಂದು ದೋಷವಿದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹಾಗೆ ನೋಡುವಾಗ ಕ್ಯಾನನ್ ಚಿತ್ರ ಹೆಚ್ಚು ಹಿಗ್ಗಿರುತ್ತದೆ. ಎರಡನ್ನೂ ಒಂದೇ ಅಳತೆಯ ಕಾಗದದ ಮೇಲೆ ಮುದ್ರಿಸಿ ಪಕ್ಕಪಕ್ಕದಲ್ಲಿಟ್ಟರೆ ಅಂತರ ಬಹುಮಟ್ಟಿಗೆ ಕರಗಿಹೋಗುತ್ತದೆ. ಸಂವೇದಕಗಳನ್ನು ಅಳೆದು ಅಂಕ ಕೊಡುವ ಡಿಎಕ್ಸ್‌ಒ ಮಾರ್ಕ್ ಪ್ರಯೋಗಾಲಯ ಡಿ೭೦೦ಕ್ಕೆ ೮೦, ೫ಡಿ ಮಾರ್ಕ್ ೨ಕ್ಕೆ ೭೯ ಅಂಕ ಕೊಟ್ಟಿತ್ತು. ಉಳಿಯುವ ನಿಜವಾದ ವ್ಯತ್ಯಾಸ ನೆರಳಿನ ಭಾಗಗಳದ್ದು. ಕತ್ತಲಾಗಿ ಬಂದ ಭಾಗವನ್ನು ಆಮೇಲೆ ಗಣಕದಲ್ಲಿ ಬೆಳಗಿಸಹೊರಟರೆ ಕ್ಯಾನನ್ ಚಿತ್ರದಲ್ಲಿ ಗೆರೆಗೆರೆಯಾದ ಪಟ್ಟಿಗಳು ಮೇಲೆದ್ದು ಬರುತ್ತವೆ. ನಿಕಾನ್ ಚಿತ್ರ ಇದನ್ನು ಹೆಚ್ಚು ಸಹಿಸುತ್ತದೆ.

ಎರಡರಲ್ಲಿಯೂ ಸಾಮಾನ್ಯ ಐಎಸ್‌ಒ ಮಿತಿ ೬,೪೦೦, ವಿಸ್ತರಿಸಿದರೆ ೨೫,೬೦೦. ಕೆಳಗಿನ ತುದಿ ಕ್ಯಾನನ್‌ನಲ್ಲಿ ೧೦೦, ನಿಕಾನ್‌ನಲ್ಲಿ ೨೦೦.

ಪಿಕ್ಸೆಲ್ ಸಂಖ್ಯೆಯ ಲಾಭ ತಿಳಿಯಬೇಕಾದರೆ ಮದುವೆಯ ಆಲ್ಬಮ್ಮನ್ನು ನೆನೆಯಬಹುದು. ಸ್ಟುಡಿಯೋಗಳಲ್ಲಿ ರೂಢಿಯಲ್ಲಿರುವ ಕರಿಷ್ಮಾ ಆಲ್ಬಮ್ಮಿನ ಒಂದು ಅಳತೆ ೧೨×೩೬ ಅಂಗುಲ. ಅಂದರೆ ತೆರೆದಾಗ ಎಡಕ್ಕೊಂದು ಬಲಕ್ಕೊಂದು ೧೨×೧೮ ಅಂಗುಲದ ಪುಟ. ೫ಡಿ ಮಾರ್ಕ್ ೨ರ ೫,೬೧೬×೩,೭೪೪ ಪಿಕ್ಸೆಲ್‌ಗಳ ಚಿತ್ರ ಅಂಗುಲಕ್ಕೆ ೩೦೦ ಪಿಕ್ಸೆಲ್‌ನಂತೆ ೧೮.೭×೧೨.೫ ಅಂಗುಲವಾಗುತ್ತದೆ. ಅಂದರೆ ಒಂದು ಪುಟವನ್ನು ಅದು ತುಂಬಿಯೂ ಸ್ವಲ್ಪ ಅಂಚು ಉಳಿಯುತ್ತದೆ. ಡಿ೭೦೦ರ ೪,೨೫೬×೨,೮೩೨ ಪಿಕ್ಸೆಲ್‌ಗಳ ಚಿತ್ರ ಅದೇ ಪುಟಕ್ಕೆ ಹಿಗ್ಗಿದಾಗ ಅಂಗುಲಕ್ಕೆ ಸುಮಾರು ೨೩೬ ಪಿಕ್ಸೆಲ್ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡುವವರ ಕಣ್ಣಿಗೆ ಈ ಕೊರತೆ ತಿಳಿಯುವುದು ಕಷ್ಟ. ಗುಂಪಿನ ಚಿತ್ರದಿಂದ ಅಜ್ಜಿಯೊಬ್ಬರ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಕೊಡಿ ಎಂದು ಮನೆಯವರು ಕೇಳಿದಾಗ ಮಾತ್ರ ಕ್ಯಾನನ್‌ನ ಹೆಚ್ಚುವರಿ ಪಿಕ್ಸೆಲ್‌ಗಳು ಕೈಹಿಡಿಯುತ್ತವೆ. ಇದಕ್ಕೆ ತೆರುವ ಬೆಲೆಯೂ ಇದೆ. ಅದರ ಒಂದು ಕಚ್ಚಾ ಕಡತ ಸುಮಾರು ೨೬ ಎಂಬಿ. ಒಂದು ಮದುವೆಯಲ್ಲಿ ೨,೦೦೦ ಚಿತ್ರ ತೆಗೆದರೆ ೫೦ ಜಿಬಿಗೂ ಮಿಕ್ಕಿ ಜಾಗ ಬೇಕು. ೨೦೦೮ರ ಗಣಕಗಳಿಗೆ ಅದು ಹಗುರವಾದ ಹೊರೆಯಾಗಿರಲಿಲ್ಲ.

ಫೋಕಸ್ ಮತ್ತು ವೇಗ

ಎರಡು ಕ್ಯಾಮೆರಾಗಳ ಅಂತರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ. ಡಿ೭೦೦ರಲ್ಲಿ ೫೧ ಫೋಕಸ್ ಬಿಂದುಗಳಿದ್ದು ಅವುಗಳಲ್ಲಿ ೧೫ ಅಡ್ಡ ಮತ್ತು ಉದ್ದ ಗೆರೆಗಳೆರಡನ್ನೂ ಗುರುತಿಸುವಂಥವು. ೫ಡಿ ಮಾರ್ಕ್ ೨ರಲ್ಲಿ ಇರುವುದು ೯ ಬಿಂದುಗಳು, ಅವುಗಳಿಗೆ ನೆರವಾಗುವ ಕಾಣದ ೬ ಬಿಂದುಗಳು. ಅದರ ನಡುವಣ ಬಿಂದು ನಂಬಿಕೆಗೆ ಅರ್ಹವಾದದ್ದು. ಅಂಚಿನ ಬಿಂದುಗಳು ಮಂದಬೆಳಕಿನಲ್ಲಿ ತಡವರಿಸುತ್ತವೆ. ಆದ್ದರಿಂದ ಇದನ್ನು ಬಳಸುವವರು ನಡುಬಿಂದುವಿನಿಂದ ಫೋಕಸ್ ಹಿಡಿದು, ಆಮೇಲೆ ಚೌಕಟ್ಟನ್ನು ಸರಿಸಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದರು.

ಸೆಕೆಂಡಿಗೆ ತೆಗೆಯಬಹುದಾದ ಚಿತ್ರಗಳು ಕ್ಯಾನನ್‌ನಲ್ಲಿ ೩.೯, ನಿಕಾನ್‌ನಲ್ಲಿ ೫. ಎಂಬಿ-ಡಿ೧೦ ಎಂಬ ಹೆಚ್ಚುವರಿ ಹಿಡಿಕೆಯನ್ನು ಜೋಡಿಸಿ, ಅದರಲ್ಲಿ ಡಿ೩ರ ದೊಡ್ಡ ಬ್ಯಾಟರಿಯನ್ನೋ ಎಂಟು ಎಎ ಸೆಲ್‌ಗಳನ್ನೋ ಹಾಕಿದರೆ ಡಿ೭೦೦ರ ವೇಗ ೮ಕ್ಕೆ ಏರುತ್ತದೆ. ಅದೇ ಹಿಡಿಕೆಯಲ್ಲಿ ಕ್ಯಾಮೆರಾದ ಮಾಮೂಲಿ ಬ್ಯಾಟರಿ ಹಾಕಿದರೆ ವೇಗ ಏರುವುದಿಲ್ಲ.

ಉತ್ತರ ಕರ್ನಾಟಕದ ಮದುವೆಯಲ್ಲಿ ಅಂತರಪಟ ಸರಿದು, ನೆರೆದವರೆಲ್ಲ ಒಮ್ಮೆಗೇ ಅಕ್ಕಿಕಾಳು ಎರಚುವ ಗಳಿಗೆ ಒಂದೆರಡು ಸೆಕೆಂಡಿನದು. ವಧುವರರ ಮುಖಕ್ಕೂ ಕ್ಯಾಮೆರಾಕ್ಕೂ ನಡುವೆ ಅಕ್ಷತೆಯ ಮಳೆ, ಎತ್ತಿದ ಕೈಗಳು, ಸರಿಯುವ ಬಟ್ಟೆ. ಎರಡನೆಯ ಸಲ ನಡೆಸಿರೆಂದು ಪುರೋಹಿತರನ್ನು ಕೇಳುವಂತಿಲ್ಲ. ಇಂಥಲ್ಲಿ ಡಿ೭೦೦ರ ಫೋಕಸ್ ವ್ಯವಸ್ಥೆ ಮುಖವನ್ನು ಬಿಡದೆ ಹಿಂಬಾಲಿಸುವ ಸಾಧ್ಯತೆ ಹೆಚ್ಚು. ಮುಂದಿನ ಆರತಿ, ಬೀಗರ ಗುಂಪುಚಿತ್ರ, ಊಟದ ಪಂಕ್ತಿ ಇವುಗಳಿಗೆ ಎರಡೂ ಸಾಕು.

ದೃಶ್ಯಗವಾಕ್ಷಿಯಲ್ಲಿ ಕ್ಯಾನನ್ ಚೌಕಟ್ಟಿನ ಶೇ. ೯೮ರಷ್ಟನ್ನೂ ನಿಕಾನ್ ಶೇ. ೯೫ರಷ್ಟನ್ನೂ ತೋರಿಸುತ್ತದೆ. ಬ್ಯಾಟರಿ ಬಿಟ್ಟು ಕ್ಯಾನನ್‌ನ ತೂಕ ೮೧೦ ಗ್ರಾಂ, ನಿಕಾನ್‌ದು ೯೯೫ ಗ್ರಾಂ. ದಿನವಿಡೀ ಕೊರಳಿಗೆ ತೂಗುಹಾಕಿಕೊಳ್ಳುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಡಿ೭೦೦ರ ನೆತ್ತಿಯಲ್ಲಿ ಒಂದು ಚಿಕ್ಕ ಫ್ಲ್ಯಾಶ್ ಇದ್ದು, ದೂರದಲ್ಲಿಟ್ಟ ಬೇರೆ ಫ್ಲ್ಯಾಶ್‌ಗಳನ್ನು ತಂತಿಯಿಲ್ಲದೆ ಉರಿಸಲು ಅದು ನೆರವಾಗುತ್ತದೆ, ಕ್ಯಾನನ್‌ನಲ್ಲಿ ಅದಿಲ್ಲ.

ವಿಡಿಯೋ

ಡಿ೭೦೦ರಲ್ಲಿ ವಿಡಿಯೋ ಇಲ್ಲ. ಅದು ಪ್ರಕಟವಾದ ಎಂಟೇ ವಾರಗಳಲ್ಲಿ, ೨೦೦೮ರ ಆಗಸ್ಟ್ ಕೊನೆಗೆ, ಅದೇ ನಿಕಾನ್ ಕಂಪನಿ ವಿಡಿಯೋ ಇರುವ ಮೊದಲ ಎಸ್‌ಎಲ್‌ಆರ್ ಆದ ಡಿ೯೦ ಎಂಬ ಅಗ್ಗದ ಕ್ಯಾಮೆರಾವನ್ನು ಪ್ರಕಟಿಸಿದ್ದು ವಿಚಿತ್ರವೇ ಸರಿ. ಆದರೆ ಡಿ೯೦ರದು ೭೨೦ ಸಾಲುಗಳ ವಿಡಿಯೋ. ದೊಡ್ಡ ಸಂವೇದಕದಿಂದ ೧೦೮೦ ಸಾಲುಗಳ ವಿಡಿಯೋ ಕೊಟ್ಟ ಕ್ಯಾನನ್, ಹಿನ್ನೆಲೆ ಮಸುಕಾಗಿ ಮುಖ ಮಾತ್ರ ಎದ್ದುಕಾಣುವ ಸಿನಿಮಾದಂತಹ ದೃಶ್ಯವನ್ನು ಸಾಮಾನ್ಯ ಸ್ಟುಡಿಯೋಗಳ ಕೈಗಿತ್ತಿತು. ಆರಂಭದಲ್ಲಿ ಪತ್ರಕರ್ತರಿಗೊಂದು ಹೆಚ್ಚುವರಿ ಅನುಕೂಲವೆಂಬಂತೆ ಕಂಡ ಈ ಸೌಲಭ್ಯವೇ ಮುಂದೆ ಇವೆರಡರ ಸ್ಪರ್ಧೆಯ ದಿಕ್ಕನ್ನು ಬದಲಿಸಿತು. ಅಮೆರಿಕದ ದೂರದರ್ಶನ ಧಾರಾವಾಹಿ ಹೌಸ್‌ನ ೨೦೧೦ರ ಮೇ ತಿಂಗಳ ಕಂತೊಂದನ್ನು ೫ಡಿ ಮಾರ್ಕ್ ೨ರಲ್ಲಿ ಚಿತ್ರೀಕರಿಸಲಾಯಿತು. ೨೦೧೧ರಲ್ಲಿ ರಾಮಗೋಪಾಲ ವರ್ಮಾ ನಿರ್ದೇಶಿಸಿದ ತೆಲುಗು ಚಿತ್ರ ದೊಂಗಲ ಮುಠಾ ಕ್ಯಾನನ್ ೫ಡಿ ಕ್ಯಾಮೆರಾಗಳಿಂದ ಐದು ದಿನಗಳಲ್ಲಿ ಚಿತ್ರೀಕರಣಗೊಂಡು ಸುದ್ದಿಯಾಯಿತು.

ಈ ಸೌಲಭ್ಯ ಮೊದಲ ದಿನದಿಂದಲೇ ಭಾರತದ ಕೆಲಸಕ್ಕೆ ಒಗ್ಗಿರಲಿಲ್ಲ. ಆರಂಭದಲ್ಲಿ ಷಟರ್ ವೇಗವನ್ನು ಕ್ಯಾಮೆರಾವೇ ನಿರ್ಧರಿಸುತ್ತಿತ್ತು. ನಮ್ಮ ವಿದ್ಯುತ್ ಸರಬರಾಜು ೫೦ ಹರ್ಟ್ಸ್ ಆವರ್ತನದ್ದಾದ್ದರಿಂದ ಟ್ಯೂಬ್‌ಲೈಟ್ ಸೆಕೆಂಡಿಗೆ ೧೦೦ ಬಾರಿ ಮಿನುಗುತ್ತದೆ. ಷಟರ್ ವೇಗ ಈ ಲಯಕ್ಕೆ ಹೊಂದದಿದ್ದರೆ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ೨೦೦೯ರ ಜೂನ್‌ನಲ್ಲಿ ಕ್ಯಾನನ್ ಬಿಡುಗಡೆ ಮಾಡಿದ ಹೊಸ ತಂತ್ರಾಂಶ ಷಟರ್, ಅಪರ್ಚರ್, ಐಎಸ್‌ಒ ಮೂರನ್ನೂ ಬಳಕೆದಾರರ ಹತೋಟಿಗೆ ಬಿಟ್ಟಿತು. ಆಗ ಸೆಕೆಂಡಿನ ೧/೫೦ ವೇಗವನ್ನು ಆರಿಸಿಕೊಂಡು ಮಿನುಗನ್ನು ತಪ್ಪಿಸುವುದು ಸಾಧ್ಯವಾಯಿತು. ಇನ್ನೊಂದು ತೊಡಕು ಸೆಕೆಂಡಿಗೆ ೩೦ ಚೌಕಟ್ಟುಗಳದ್ದು. ಭಾರತದ ದೂರದರ್ಶನ ಪದ್ಧತಿಯಲ್ಲಿ, ಮದುವೆಯ ವಿಡಿಯೋ ತೆಗೆಯುವ ಮಾಮೂಲಿ ಕ್ಯಾಮ್‌ಕಾರ್ಡರ್‌ಗಳಲ್ಲಿ ಇರುವುದು ೨೫ ಚೌಕಟ್ಟು. ಎರಡನ್ನೂ ಬೆರೆಸಿ ಸಂಕಲನ ಮಾಡಿದರೆ ಚಲನೆ ಕುಂಟುತ್ತಿತ್ತು. ೨೦೧೦ರ ಮಾರ್ಚ್ ತಿಂಗಳ ತಂತ್ರಾಂಶದೊಡನೆ ೨೪ ಮತ್ತು ೨೫ ಚೌಕಟ್ಟುಗಳ ಆಯ್ಕೆಯೂ ಧ್ವನಿಯ ಮಟ್ಟವನ್ನು ಕೈಯಾರೆ ಹೊಂದಿಸುವ ಸೌಲಭ್ಯವೂ ಬಂದವು. ಮದುವೆ ಕೆಲಸದ ಮಟ್ಟಿಗೆ ೫ಡಿ ಮಾರ್ಕ್ ೨ ಪೂರ್ಣವಾದ ವಿಡಿಯೋ ಕ್ಯಾಮೆರಾ ಆದದ್ದು ಆಗಲೇ ಎನ್ನಬೇಕು.

ಆಗಲೂ ಮಿತಿಗಳು ಉಳಿದವು. ಒಂದು ಕಡತ ೪ ಜಿಬಿ ಮೀರುವಂತಿರಲಿಲ್ಲ. ಅಂದರೆ ಪೂರ್ಣ ಎಚ್‌ಡಿಯಲ್ಲಿ ಸುಮಾರು ೧೨ ನಿಮಿಷ. ಚಲಿಸುವವರ ಮೇಲೆ ಫೋಕಸ್ ಅನ್ನು ಕೈಯಿಂದಲೇ ಹಿಡಿಯಬೇಕು. ಹೆಡ್‌ಫೋನ್ ಹಾಕಿ ಧ್ವನಿ ಕೇಳಲು ರಂಧ್ರವಿಲ್ಲ. ಹೀಗಾಗಿ ಮದುವೆಯ ಎಲ್ಲ ಶಾಸ್ತ್ರಗಳನ್ನೂ ಮೊದಲಿಂದ ಕೊನೆಯವರೆಗೆ ದಾಖಲಿಸಲು ಕ್ಯಾಮ್‌ಕಾರ್ಡರ್‌ನ ಅಗತ್ಯ ತಪ್ಪಲಿಲ್ಲ.

ಲೆನ್ಸ್‌ಗಳ ಹೊಂದಾಣಿಕೆ

ಕ್ಯಾಮೆರಾದ ಒಡಲು ಐದಾರು ವರ್ಷಕ್ಕೆ ಹಳತಾಗುತ್ತದೆ, ಲೆನ್ಸ್ ಇಪ್ಪತ್ತು ವರ್ಷ ಬಾಳುತ್ತದೆ. ನಿಕಾನ್ ೧೯೫೯ರಲ್ಲಿ ತಂದ ಎಫ್ ಜೋಡಣೆಯನ್ನೇ ಡಿ೭೦೦ರಲ್ಲಿಯೂ ಉಳಿಸಿಕೊಂಡಿದೆ. ಅದರ ಒಡಲಿನಲ್ಲಿ ಫೋಕಸ್ ಮೋಟಾರ್ ಇರುವುದರಿಂದ ತಮ್ಮಲ್ಲಿ ಮೋಟಾರ್ ಇಲ್ಲದ ಹಳೆಯ ಆಟೋಫೋಕಸ್ ಲೆನ್ಸ್‌ಗಳೂ ಅದರಲ್ಲಿ ದುಡಿಯುತ್ತವೆ. ಎಫ್‌ಎಂ೨, ಎಫ್‌ಎಂ೧೦ ಫಿಲ್ಮ್ ಕ್ಯಾಮೆರಾಗಳ ಕೈಫೋಕಸ್ ಲೆನ್ಸ್‌ಗಳನ್ನು ಹಾಕಿದರೆ ಬೆಳಕಿನ ಅಳತೆಯೂ ಸಿಗುತ್ತದೆ. ಫಿಲ್ಮ್ ಕಾಲದಿಂದ ನಿಕಾನ್ ಬಳಸುತ್ತಿದ್ದ ಸ್ಟುಡಿಯೋಗಳಿಗೆ ಇದು ಕಪಾಟಿನಲ್ಲಿಟ್ಟ ಬಂಡವಾಳ ಮರಳಿ ಕೈಗೆ ಬಂದಂತೆ. ಕ್ಯಾನನ್ ೧೯೮೭ರಲ್ಲಿ ಹಳೆಯ ಎಫ್‌ಡಿ ಜೋಡಣೆಯನ್ನು ಕೈಬಿಟ್ಟು ಪೂರ್ಣ ವಿದ್ಯುನ್ಮಾನ ಇಎಫ್ ಜೋಡಣೆಗೆ ಹೋಯಿತು. ಹಳೆಯ ಗಿರಾಕಿಗಳು ಆಗ ಸಿಟ್ಟಾದರೂ ೧೯೮೭ರಿಂದೀಚಿನ ಪ್ರತಿಯೊಂದು ಇಎಫ್ ಲೆನ್ಸ್ ೫ಡಿ ಮಾರ್ಕ್ ೨ರಲ್ಲಿ ಪೂರ್ಣವಾಗಿ ಕೆಲಸ ಮಾಡುತ್ತದೆ.

ಲೆನ್ಸಿನ ಜೋಡಣೆಯಿಂದ ಸಂವೇದಕದವರೆಗಿನ ದೂರ ನಿಕಾನ್‌ನಲ್ಲಿ ೪೬.೫ ಮಿ.ಮೀ., ಕ್ಯಾನನ್‌ನಲ್ಲಿ ೪೪ ಮಿ.ಮೀ. ಈ ಎರಡೂವರೆ ಮಿಲಿಮೀಟರ್ ಜಾಗದಲ್ಲಿ ಲೋಹದ ಒಂದು ಬಳೆಯನ್ನು ಕೂರಿಸಿ ನಿಕಾನ್ ಲೆನ್ಸನ್ನು ಕ್ಯಾನನ್ ಕ್ಯಾಮೆರಾಕ್ಕೆ ಹಾಕಬಹುದು. ಫೋಕಸ್ ಮತ್ತು ಅಪರ್ಚರ್ ಮಾತ್ರ ಕೈಯಿಂದ. ವಿಡಿಯೋದಲ್ಲಿ ಹೇಗೂ ಕೈಯಿಂದಲೇ ಫೋಕಸ್ ಹಿಡಿಯಬೇಕಾದ್ದರಿಂದ ಇದು ತೊಂದರೆಯೆನಿಸುವುದಿಲ್ಲ. ಇದರ ತಿರುವುಮುರುವು, ಅಂದರೆ ಕ್ಯಾನನ್ ಲೆನ್ಸನ್ನು ನಿಕಾನ್ ಕ್ಯಾಮೆರಾಕ್ಕೆ ಬರಿಯ ಬಳೆಯಿಂದ ಜೋಡಿಸಿ ದೂರದ ವಸ್ತುವಿಗೆ ಫೋಕಸ್ ತರುವುದು ಸಾಧ್ಯವಿಲ್ಲ.

ಧಾರವಾಡ ಪರಿಸರದ ಕೆಲಸಗಳು

ಧಾರವಾಡದ ಛಾಯಾಗ್ರಾಹಕರಿಗೆ ಮದುವೆಯ ಹೊರತಾಗಿ ಒದಗುವ ಎರಡು ವಿಶಿಷ್ಟ ಕೆಲಸಗಳಲ್ಲಿ ಮೊದಲನೆಯದು ಸಂಗೀತ ಕಛೇರಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂತಹ ಗಾಯಕರು ಬಾಳಿದ ಈ ಊರಿನಲ್ಲಿ ಕರ್ನಾಟಕ ಕಾಲೇಜು ಆವರಣದ ಸೃಜನಾ ರಂಗಮಂದಿರದಿಂದ ಹಿಡಿದು ಮನೆಯ ಪಡಸಾಲೆಯ ಬೈಠಕ್‌ವರೆಗೆ ಹಿಂದೂಸ್ತಾನಿ ಸಂಗೀತ ನಡೆಯುತ್ತದೆ. ಅಲ್ಲಿ ಬೆಳಕು ಕಡಿಮೆ, ಫ್ಲ್ಯಾಶ್ ಅಸಭ್ಯ. ವಿಲಂಬಿತ ಆಲಾಪದ ನಡುವೆ ಷಟರ್ ಸದ್ದು ಇನ್ನೂ ಅಸಭ್ಯ. ಡಿ೭೦೦ ಕತ್ತಲಲ್ಲಿ ಬೇಗ ಫೋಕಸ್ ಹಿಡಿಯುತ್ತದೆಯಾದರೂ ಅದರ ಕನ್ನಡಿ ಏಳುವ ಸದ್ದು ಗಟ್ಟಿ. ೫ಡಿ ಮಾರ್ಕ್ ೨ರಲ್ಲಿ ಪರದೆಯ ಮೇಲೆ ನೋಡುತ್ತ ಚಿತ್ರ ತೆಗೆಯುವಾಗ ಸದ್ದನ್ನು ತಗ್ಗಿಸುವ ವಿಧಾನವಿದೆ. ಗಾಯಕರು ಬಹುಪಾಲು ಒಂದೇ ಕಡೆ ಕುಳಿತಿರುವುದರಿಂದ ಫೋಕಸಿನ ನಿಧಾನ ಇಲ್ಲಿ ಅಷ್ಟು ಕಾಡುವುದಿಲ್ಲ. ಬೈಠಕ್‌ಗೆ ಕ್ಯಾನನ್ ಮೇಲು.

ಎರಡನೆಯದು ಕಾಡು. ಧಾರವಾಡದಿಂದ ಸುಮಾರು ೫೫ ಕಿ.ಮೀ. ದೂರದಲ್ಲಿ ದಾಂಡೇಲಿ ಇದೆ. ಅಲ್ಲಿನ ವನ್ಯಧಾಮವನ್ನೂ ಅಣಶಿ ರಾಷ್ಟ್ರೀಯ ಉದ್ಯಾನವನ್ನೂ ಸೇರಿಸಿ ೨೦೦೭ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ೨೦೧೫ರಲ್ಲಿ ಅದಕ್ಕೆ ಕಾಳಿ ಎಂದು ಹೆಸರಾಯಿತು. ಮಂಗಟ್ಟೆ ಹಕ್ಕಿಗಳಿಗೂ ಕರಿಚಿರತೆಗೂ ಹೆಸರಾದ ಈ ಕಾಡು ದಟ್ಟವಾದದ್ದು, ಬೆಳಗಿನ ಬೆಳಕು ನೆಲ ಮುಟ್ಟುವುದು ತಡ. ಕೊಂಬೆಯಿಂದ ಕೊಂಬೆಗೆ ಹಾರುವ ಮಂಗಟ್ಟೆಯನ್ನು ಹಿಡಿಯಲು ೫೧ ಬಿಂದುಗಳ ಫೋಕಸ್ ಮತ್ತು ಸೆಕೆಂಡಿಗೆ ೮ ಚಿತ್ರಗಳ ವೇಗ ನೇರವಾಗಿ ಉಪಯೋಗಕ್ಕೆ ಬರುತ್ತವೆ. ದೂರದ ಹಕ್ಕಿಯನ್ನು ಕತ್ತರಿಸಿ ದೊಡ್ಡದು ಮಾಡಲು ೨೧ ಮೆಗಾಪಿಕ್ಸೆಲ್ ಒಳ್ಳೆಯದು ಎಂಬ ವಾದವಿದೆ. ಆದರೆ ಫೋಕಸ್ ತಪ್ಪಿದ ಹಕ್ಕಿಯನ್ನು ಎಷ್ಟು ಹಿಗ್ಗಿಸಿದರೂ ಅದು ಮಸುಕೇ.

ಒಟ್ಟಿನಲ್ಲಿ ಆಯ್ಕೆಯನ್ನು ನಿರ್ಧರಿಸಿದ್ದು ಕೆಲಸದ ಸ್ವರೂಪ ಮತ್ತು ಕಪಾಟಿನಲ್ಲಿದ್ದ ಲೆನ್ಸ್‌ಗಳು. ಸ್ಥಿರಚಿತ್ರ ಮಾತ್ರ ತೆಗೆಯುವವರಿಗೆ, ಅದರಲ್ಲಿಯೂ ಚಲಿಸುವುದನ್ನು ತೆಗೆಯುವವರಿಗೆ ಡಿ೭೦೦ ಸಮರ್ಥ ಸಾಧನ. ಮದುವೆಯ ಗಿರಾಕಿಗಳು ವಿಡಿಯೋವನ್ನೂ ಅದೇ ಸ್ಟುಡಿಯೋದಿಂದ ಬಯಸತೊಡಗಿದ ಮೇಲೆ, ಒಂದೇ ಕ್ಯಾಮೆರಾ ಕೊಳ್ಳಬಲ್ಲವರಿಗೆ ೫ಡಿ ಮಾರ್ಕ್ ೨ ಹೆಚ್ಚು ಲಾಭದಾಯಕ. ಭಾವಚಿತ್ರಕ್ಕಂತೂ ಅದರ ಯೋಗ್ಯತೆ ಬೇಗನೆ ಸಿದ್ಧವಾಗಿತ್ತು: ೨೦೦೯ರ ಜನವರಿಯಲ್ಲಿ ಪೀಟ್ ಸೋಜಾ ತೆಗೆದ, ಡಿಜಿಟಲ್ ಕ್ಯಾಮೆರಾದಿಂದ ತೆಗೆದ ಮೊದಲ ಅಧಿಕೃತ ಅಧ್ಯಕ್ಷೀಯ ಭಾವಚಿತ್ರವಾದ ಬರಾಕ್ ಒಬಾಮಾ ಅವರ ಚಿತ್ರಕ್ಕೆ ಬಳಸಿದ್ದು ಈ ಕ್ಯಾಮೆರಾವನ್ನೇ.

ನಂತರದ ಮಾದರಿಗಳು

೨೦೧೨ರಲ್ಲಿ ಎರಡು ಕಂಪನಿಗಳೂ ಪಾತ್ರ ಅದಲುಬದಲು ಮಾಡಿಕೊಂಡವು. ಫೆಬ್ರವರಿಯಲ್ಲಿ ಬಂದ ನಿಕಾನ್ ಡಿ೮೦೦ರಲ್ಲಿ ೩೬.೩ ಮೆಗಾಪಿಕ್ಸೆಲ್ ಮತ್ತು ಪೂರ್ಣ ಎಚ್‌ಡಿ ವಿಡಿಯೋ ಇದ್ದವು, ವೇಗ ತಗ್ಗಿತ್ತು. ಮಾರ್ಚ್‌ನಲ್ಲಿ ಬಂದ ಕ್ಯಾನನ್ ೫ಡಿ ಮಾರ್ಕ್ ೩ರಲ್ಲಿ ಮೆಗಾಪಿಕ್ಸೆಲ್ ೨೨.೩ರಲ್ಲಿಯೇ ನಿಂತು, ಫೋಕಸ್ ಬಿಂದುಗಳು ೬೧ಕ್ಕೂ ವೇಗ ಸೆಕೆಂಡಿಗೆ ೬ಕ್ಕೂ ಏರಿದವು. ವೇಗಕ್ಕಾಗಿ ಡಿ೭೦೦ ಕೊಂಡಿದ್ದವರು ಅದರ ನೇರ ಉತ್ತರಾಧಿಕಾರಿಗಾಗಿ ಬಹುಕಾಲ ಕಾದರು. ೨೦೧೮ರಲ್ಲಿ ಎರಡೂ ಕಂಪನಿಗಳು ಕನ್ನಡಿರಹಿತ ಪೂರ್ಣ ಚೌಕಟ್ಟಿನ ಕ್ಯಾಮೆರಾಗಳಿಗೆ ಹೊರಳಿ ಹೊಸ ಜೋಡಣೆಗಳನ್ನು ತಂದವು. ಹಳೆಯ ಲೆನ್ಸ್‌ಗಳನ್ನು ಅವುಗಳಿಗೆ ಹೊಂದಿಸಲು ಅಡಾಪ್ಟರ್ ಬೇಕು.

ಬಳಸಿದ ಕ್ಯಾಮೆರಾ ಕೊಳ್ಳುವಾಗ

ಈಗ ಇವೆರಡೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ವಿದ್ಯಾರ್ಥಿಗಳಿಗೆ ನಿಲುಕುವ ಬೆಲೆಗೆ ಸಿಗುತ್ತವೆ. ಎರಡರ ಷಟರ್ ಬಾಳಿಕೆಯನ್ನೂ ೧,೫೦,೦೦೦ ಚಿತ್ರಗಳೆಂದು ಕಂಪನಿಗಳು ಹೇಳಿದ್ದವು. ಮದುವೆ ಕೆಲಸದಲ್ಲಿ ದುಡಿದ ಕ್ಯಾಮೆರಾ ಅದನ್ನು ದಾಟಿರುವುದು ಅಸಂಭವವಲ್ಲ. ಡಿ೭೦೦ ತೆಗೆದ ಚಿತ್ರದ ಕಡತದೊಳಗೇ ಷಟರ್ ಎಣಿಕೆ ದಾಖಲಾಗಿರುವುದರಿಂದ ಮಾರುವವರಿಂದ ಒಂದು ಹೊಸ ಚಿತ್ರ ತರಿಸಿಕೊಂಡರೆ ತಿಳಿಯುತ್ತದೆ. ೫ಡಿ ಮಾರ್ಕ್ ೨ರ ಕಡತದಲ್ಲಿ ಅದು ಇರುವುದಿಲ್ಲ; ಕ್ಯಾಮೆರಾವನ್ನು ಗಣಕಕ್ಕೆ ಜೋಡಿಸಿ ಪ್ರತ್ಯೇಕ ತಂತ್ರಾಂಶದಿಂದ ಓದಬೇಕು. ಡಿ೭೦೦ರ ಹಿಡಿಕೆಯ ರಬ್ಬರ್ ವರ್ಷಗಳಾದಂತೆ ಉಬ್ಬಿ ಸಡಿಲಾಗುತ್ತದೆ, ಅಂಟಿಸಿಕೊಳ್ಳಬಹುದು. ೫ಡಿ ಮಾರ್ಕ್ ೨ರ ಆರಂಭಿಕ ಪ್ರತಿಗಳಲ್ಲಿ ಬೆಳಕಿನ ಚುಕ್ಕೆಗಳ ಬಲಕ್ಕೆ ಕಪ್ಪು ಚುಕ್ಕೆ ಮೂಡುವ ದೋಷವಿತ್ತು. ೨೦೦೯ರ ಜನವರಿಯ ತಂತ್ರಾಂಶದಿಂದ ಅದು ಸರಿಹೋದದ್ದರಿಂದ ತಂತ್ರಾಂಶ ಹೊಸದಾಗಿದೆಯೇ ಎಂದು ನೋಡಿಕೊಂಡರೆ ಸಾಕು. ಎರಡೂ ಬಳಸುವುದು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡುಗಳನ್ನು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಅವುಗಳಿಗೆ ಕಿಂಡಿ ಇರುವುದಿಲ್ಲ, ಕಾರ್ಡ್ ರೀಡರ್ ಬೇರೆಯಾಗಿ ಕೊಳ್ಳಬೇಕಾಗುತ್ತದೆ.